ನಾಲ್ಕು ತಾಸಿನೊಳಗೆ

ಇವತ್ತಾದರೂ ಬರಲಿ ಎಂದು ಯಲ್ಲಾಲಿಂಗ ಮನಸ್ಸಿನಲ್ಲಿ ಅಂದುಕೊಂಡಾಗ ಅವನ ಕೈಯಲ್ಲಿ ಬದನೆಕಾಯಿ ಇತ್ತು. ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಹೊರಗೆ ಗೋಣಿಚೀಲ ಹಾಸಿಕೊಂಡು ಕಾಯಿಪಲ್ಲೆ ಮಾರುವ ಶಂಕ್ರೆವ್ವನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತೊಟ್ಟಿನಲ್ಲಿ ಮುಳ್ಳಿರುವ ಎಳೆಯ ಕಾಯಿಗಳನ್ನೇ ಹುಡುಕಿ ಹುಡುಕಿ ತಕ್ಕಡಿಗೆ ಹಾಕುತ್ತಿದ್ದ. ರವಿವಾರ. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕಾರಿಗೆ ಬದನೆಕಾಯಿ ಆಗಿಬರುವುದಿಲ್ಲ ಅಂತ ಹೋದ ವರ್ಷ ನೀವೇ ಅಂದಿದ್ದಿರಲ್ಲ ಮಾಸ್ತರ ಎಂದು ಶಂಕ್ರೆವ್ವ ತಕ್ಕಡಿ ಎತ್ತುತ್ತಲೇ ಕೇಳಿದಳು. ಮನೆಗೆ ಬೀಗರು ಬರುವವರಿದ್ದಾರೆ ಎಂದು ಸುಳ್ಳು ಹೇಳಿದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಯಾವ ಊರಿನ ಬೀಗರು ಎಂದು ಅವಳು ಕೇಳಿದ್ದರೆ ಸಿಂದಗಿಯವರು ಎನ್ನಲೂ ತಯಾರಾಗಿದ್ದ. ಮುದುಕಿ ಕೇಳಲಿಲ್ಲ. ಮೇಲೊಂದು ಹಿಡಿ ಕೊತ್ತಂಬರಿ ಇಟ್ಟು, ಅಕ್ಕಾರು ಮಾತ್ರ ನೋಡಿಕೊಂಡು ಉಣ್ಣಲಿ ಎಂದಳು. ಹೆಂಡತಿಗೆ ರೋಗ ಏಳಲಿ ಎಂದು ಕಾಯಿ ಆರಿಸುವ ಗಂಡ ಈ ತಾಲೂಕಿನಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ಅವನಿಗೆ ನಗು ಬಂತು. ಚೀಲ ಎತ್ತಿಕೊಂಡು ಮನೆಯ ಕಡೆ ನಡೆದ.

ರೋಗ ಎನ್ನುವುದನ್ನೂ ಇನ್ನೂ ಯಾರೂ ಒಪ್ಪಿರಲಿಲ್ಲ. ಹನ್ನೊಂದು ವರ್ಷದಿಂದ ಮಾಲಾಳಿಗೆ ಅದು ಬರುತ್ತಿತ್ತು. ಮೊದಲು ಮುಖ, ಕೊರಳು ಕೆಂಪಾಗುವುದು; ಆಮೇಲೆ ಮೈತುಂಬ ತುರಿಕೆ, ದಪ್ಪ ದಪ್ಪ ಗಂದೆ; ಹೊಟ್ಟೆ ಹಿಂಡಿ ವಾಂತಿ; ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟು ಕೂತಲ್ಲೇ ಒರಗಿಬಿಡುವುದು. ಎರಡು ತಾಸಿಗೆ ಎಲ್ಲ ಇಳಿದು, ದವಾಖಾನೆ ಮುಟ್ಟುವ ಹೊತ್ತಿಗೆ ಏನೂ ಆಗದವಳ ಹಾಗೆ ಸೆರಗು ಸರಿಮಾಡಿಕೊಂಡು ಕೂತಿರುತ್ತಿದ್ದಳು. ಹತ್ತೊಂಬತ್ತು ದಿನದ ಹಿಂದೆ ವಿಜಾಪುರದ ಲೇಡಿ ಡಾಕ್ಟರು ಮೊದಲ ಸಲ ಬೇರೆ ಮಾತು ಹೇಳಿದ್ದರು. ಮೈಯೊಳಗೆ ಮಾಸ್ಟ್ ಸೆಲ್ ಎನ್ನುವ ಕಣಗಳಿರುತ್ತವೆ, ಹೊರಗಿನಿಂದ ವೈರಿ ಬಂದಾಗ ಮದ್ದು ಹಾರಿಸುವುದು ಅವುಗಳ ಕೆಲಸ, ಇವರ ಮೈಯಲ್ಲಿ ಅವು ವೈರಿ ಇಲ್ಲದೆಯೂ ಹಾರಿಸುತ್ತಿರಬಹುದು. ಇರಬಹುದು, ಇಲ್ಲದೆಯೂ ಇರಬಹುದು. ತಿಳಿಯಬೇಕಾದರೆ, ಅದು ಶುರುವಾದ ನಾಲ್ಕು ತಾಸಿನೊಳಗೆ ರಕ್ತ ತೆಗೆಯಬೇಕು. ಆಗ ರಕ್ತದಲ್ಲಿ ಒಂದು ಅಂಶ ಏರಿರುತ್ತದೆ, ತಡವಾದರೆ ಇಳಿದುಬಿಡುತ್ತದೆ. ಏರಿದ್ದು ಕಂಡರೆ ಮುಂದಿನ ಪರೀಕ್ಷೆ, ಅದಕ್ಕೆ ತಕ್ಕ ಔಷಧ. ಯಾವಾಗಲೋ ಒಮ್ಮೆ ಇದು ಉಸಿರಿಗೆ ಹತ್ತಿಕೊಂಡರೆ ಆಗ ಹುಡುಕುತ್ತ ಕೂಡುವುದಕ್ಕೆ ವೇಳೆ ಇರುವುದಿಲ್ಲ ಎಂದೂ ಹೇಳಿದ್ದರು. ಬಾಗೇವಾಡಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿರುವ ಪರಮಾನಂದ, ಫೋನ್ ಮಾಡಿದರೆ ಸಾಕು, ಮನೆಗೇ ಬಂದು ರಕ್ತ ತೆಗೆದು ಐಸಿನಲ್ಲಿಟ್ಟು ವಿಜಾಪುರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ ಎಂದಿದ್ದ. ಎಲ್ಲ ತಯಾರಿತ್ತು. ಅದೊಂದು ಬರಲಿಲ್ಲ. ಮದುವೆ, ಮುಂಜಿವೆ, ಪರೀಕ್ಷೆ, ಬಸ್ಸು ಎನ್ನದೆ ಬೇಡದ ಜಾಗದಲ್ಲೆಲ್ಲ ಬಂದು ಅವನ ಮಾನ ಕಳೆದದ್ದು, ಈಗ ಬಾ ಎಂದರೆ ಬರಲೊಲ್ಲದು. ಬಂದರೆ ರಿಪೋರ್ಟಿನಲ್ಲಿ ಏನು ಕಾಣಬೇಕು ಎನ್ನುವುದೂ ಅವನಿಗೆ ತಿಳಿಯದು. ರೋಗ ಇದೆ ಎಂದಾದರೆ ಹನ್ನೊಂದು ವರ್ಷ ತಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ಎದ್ದು ಬರುತ್ತವೆ. ಇಲ್ಲವೆಂದಾದರೆ ಅವಳು ಹೀಗೇ ಇರುತ್ತಾಳೆ. ಅವಳು ನೆಟ್ಟಗಾಗಲಿ ಎನ್ನುವುದು ನಿಜವೇ. ಅದರ ಕೆಳಗೆ, ರಿಪೋರ್ಟಿನಲ್ಲಿ ಏನೂ ಬರದೆ ತನ್ನ ಮಾತೇ ಖರೆಯಾಗಲಿ ಎನ್ನುವ ಒಂದು ನೀಚ ಆಸೆಯೂ ಮುದುರಿ ಕೂತಿತ್ತು. ಅದನ್ನು ಅವನು ಕಂಡೂ ಕಾಣದವನ ಹಾಗೆ ದಾಟಿ ಹೋಗುತ್ತಿದ್ದ.

ಯಾವ ಊರು ಬಿಟ್ಟಿದ್ದರು? ಇಂಡಿ ಊರಿನ ಡಾಕ್ಟರು ಪಿತ್ತ ಎಂದರು. ಅವಳ ತವರು ಸಿಂದಗಿ, ಅಲ್ಲಿಯವರು ಗ್ಯಾಸು ಎಂದರು. ಮಗಳು ಪಲ್ಲವಿಯನ್ನು ವಸತಿ ಶಾಲೆಗೆ ಬಿಡಲು ಮುದ್ದೇಬಿಹಾಳಕ್ಕೆ ಹೋದಾಗ ಅಲ್ಲಿಯೂ ಒಬ್ಬರನ್ನು ಕಂಡರು. ಅವರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ಅವಳನ್ನು ಬಿಟ್ಟು ಅವನ ಮುಖ ನೋಡಿ, ಮನೆಯಲ್ಲಿ ಏನಾದರೂ ಟೆನ್ಶನ್ ಐತೇನ್ರಿ ಮಾಸ್ತರ ಎಂದು ಕೇಳಿದರು. ಸ್ವಲ್ಪ ಮನಸ್ಸಿಗೆ ಹಚ್ಚಿಕೊಳ್ಳುವುದು ಜಾಸ್ತಿ ಸರ್ ಎಂದ ಯಲ್ಲಾಲಿಂಗ, ಅವಳ ಎದುರಿಗೇ, ನಗುತ್ತ. ಇಬ್ಬರು ಗಂಡಸರು ತಲೆಯಾಡಿಸಿದರು. ಅವಳು ನೆಲ ನೋಡುತ್ತಿದ್ದಳು. ಯಾವ ಡಾಕ್ಟರ ಮುಂದೆಯೂ ಮಾಲಾ ಬಾಯಿ ಬಿಟ್ಟದ್ದೇ ಇಲ್ಲ ಎನ್ನುವುದು ಅವನಿಗೆ ಹೊಳೆದದ್ದು ವಿಜಾಪುರದಲ್ಲಿ. ಅಲ್ಲಿಯೂ ರೂಢಿಯ ಹಾಗೆ ಅವನೇ ಶುರುಮಾಡಿದ್ದ, ಏನಿಲ್ಲ ಮೇಡಂ, ಇವರಿಗೆ ಆಗಾಗ ಎಂದು. ಡಾಕ್ಟರು ಪೆನ್ನೆತ್ತಿ ಅವನನ್ನು ತಡೆದು, ರೋಗ ಅವರದು, ಅವರು ಹೇಳಲಿ ಎಂದರು. ಮನಗೂಳಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇನ್ನೊಬ್ಬರ ಬಾಯಿ ಮುಚ್ಚಿಸಿದವನಿಗೆ ತನ್ನ ಬಾಯಿ ಮುಚ್ಚಿಕೊಂಡು ಕೂಡುವುದು ಹೇಗೆಂದೇ ತಿಳಿಯಲಿಲ್ಲ. ಮಾಲಾ ಅವನ ಕಡೆ ನೋಡಿದಳು, ಹೇಳಲೋ ಬೇಡವೋ ಎಂದು ಕೇಳುವವಳ ಹಾಗೆ. ಅವನು ಗೋಡೆಯ ಕಡೆ ನೋಡಿದ. ಆಮೇಲೆ ಅವಳು ಬಿಟ್ಟು ಬಿಟ್ಟು ಹೇಳಿದಳು. ಅದರಲ್ಲಿ ಅರ್ಧದಷ್ಟು ಅವನಿಗೂ ಹೊಸದು.

ಅವಳ ಮುಂಗೈಯ ಮೇಲೆ ಸಣ್ಣ ಕಂದು ಚುಕ್ಕೆಗಳಿದ್ದವು. ತೊಡೆ, ಹೊಟ್ಟೆಯ ಮೇಲೂ ಇದ್ದವು, ಮದುವೆಯಾದಾಗಿನಿಂದ ಅವನು ನೋಡಿದವೇ. ಡಾಕ್ಟರು ಪೆನ್ನಿನ ಹಿಂದಿನ ತುದಿಯಿಂದ ಒಂದು ಚುಕ್ಕೆಯನ್ನು ನಾಲ್ಕು ಸಲ ಒತ್ತಿ ತಿಕ್ಕಿ, ಗಡಿಯಾರ ನೋಡಿಕೊಂಡು ಸುಮ್ಮನೆ ಕೂತರು. ಐದು ನಿಮಿಷದಲ್ಲಿ ಆ ಚುಕ್ಕೆ ಉಬ್ಬಿ, ಸುತ್ತ ಕೆಂಪೇರಿ, ಕಣ್ಣೆದುರಿಗೇ ಗಂದೆಯಾಗಿ ನಿಂತಿತು. ಹೀಗೆ ತಿಕ್ಕಿದರೆ ಜಾಸ್ತಿಯಾಗುತ್ತದೇನು ಎಂದು ಡಾಕ್ಟರು ಕೇಳಿದರು. ಮಾಲಾ ಆ ಗಂದೆಯನ್ನೇ ನೋಡುತ್ತ, "ತಿಕ್ಕಬಾರದೇನ್ರಿ ಮೇಡಂ?" ಎಂದಳು. ತಿಕ್ಕಲೇಬಾರದು ತಾಯಿ ಎಂದರು ಅವರು, ಮತ್ತೆ ಏನನ್ನೋ ಬರೆದುಕೊಂಡರು. ಯಲ್ಲಾಲಿಂಗನಿಗೆ ಆಗ ಮೂಗಿಗೆ ಕುರಿ ಉಣ್ಣೆಯ ವಾಸನೆ ಬಡಿದ ಹಾಗಾಯಿತು.

ಗೊಳಸಂಗಿಯಲ್ಲಿ ಅವನದು ತಲೆತಲಾಂತರದಿಂದ ಕುರಿ ಕಾಯ್ದ ಮನೆತನ. ಆ ಮನೆಯಲ್ಲಿ ಮೈಗೆ ಗಂದೆ ಎದ್ದರೆ ಔಷಧ ಒಂದೇ, ಕಂಬಳಿ. ಕರಿ ಕಂಬಳಿಯಿಂದ ಮೈಯೆಲ್ಲ ತಿಕ್ಕಬೇಕು, ಆಮೇಲೆ ಅದನ್ನೇ ಹೊದಿಸಿ ಬೆವರಿಳಿಸಬೇಕು. ಚಿಕ್ಕಂದಿನಲ್ಲಿ ಅವನನ್ನೂ ತಿಕ್ಕಿದ್ದರು, ಅವನ ಅಪ್ಪನನ್ನೂ ತಿಕ್ಕಿದ್ದರು, ಎಲ್ಲರಿಗೂ ವಾಸಿಯಾಗಿತ್ತು. ಏಳು ವರ್ಷದ ಹಿಂದೆ ತಮ್ಮನ ಮಗನ ಜವಳದ ದಿನ ಊಟವಾದ ಮೇಲೆ ಮಾಲಾಳ ಮುಖ ಕೆಂಪೇರಿದ್ದನ್ನು ಅವನ ತಾಯಿ ಹುಚ್ಚವ್ವನೇ ಮೊದಲು ಕಂಡಳು. ಗಂದಿ ಎದ್ದಾವ, ತಡಿ ತಂಗಿ ಎಂದು ಪ್ರೀತಿಯಿಂದಲೇ ಪೆಟ್ಟಿಗೆ ತೆಗೆದು, ಮಡಿಕೆ ಬಿಚ್ಚದ ಹೊಸ ಕಂಬಳಿ ತಂದಳು. ಅಂಗಳದಲ್ಲಿ ಹೆಂಗಸರು ಸುತ್ತ ನಿಂತರು. ಹೊಸ ಕಂಬಳಿ ಮುಳ್ಳಿನ ಹಾಗೆ ಇರುತ್ತದೆ. ತಿಕ್ಕಿದಷ್ಟೂ ಎದ್ದವು, ಎದ್ದಷ್ಟೂ ತಿಕ್ಕಿದರು. ಮಾಲಾ ಮೊದಲು ಸಾಕ್ರಿ ಅತ್ತೀ ಅಂದಳು, ಆಮೇಲೆ ಕೈ ಬಿಡಿಸಿಕೊಳ್ಳಲು ನೋಡಿದಳು, ಇಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಕಟ್ಟೆಯ ಮೇಲೆ ಬೀಗರ ಜೊತೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅವನನ್ನು ಕೂಗಿ, "ನೀವರ ಬ್ಯಾಡನ್ರಿ, ಉರಿ ತಡ್ಯಾಕ ಆಗವಲ್ದು" ಎಂದಳು. ಗಂಡನನ್ನು ಮಂದಿಯ ಮುಂದೆ ಹಾಗೆ ಕೂಗುವ ರೂಢಿ ಆ ಮನೆಯಲ್ಲಿರಲಿಲ್ಲ. ಬೀಗರೆಲ್ಲ ಅವನತ್ತ ತಿರುಗಿದರು. ಅವನು ಕೂತಲ್ಲಿಂದಲೇ, "ಸೋಗು ಮಾಡಬ್ಯಾಡ, ಸುಮ್ಮನಿರು" ಎಂದ. ಹೆಂಗಸರಲ್ಲಿ ಯಾರೋ ನಕ್ಕರು. ಅದಾದ ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮೇಲೆ ಮಾಡಿ ಒರಗಿದಳು, ಮತ್ತೆ ತಾನಾಗಿಯೇ ಎಚ್ಚರವಾದಳು, ಸಂಜೆಯ ಬಸ್ಸಿಗೆ ಬಾಗೇವಾಡಿಗೆ ಬಂದರು. ಆ ದಿನದ ಮೇಲೆ ಅವಳು ತನ್ನ ಬಾಯಿಂದ ನನಗೆ ಬಂದಿದೆ ಎಂದು ಹೇಳಿದ್ದು ಅವನಿಗೆ ನೆನಪಿಲ್ಲ. ಬಂದದ್ದನ್ನು ಅವನೇ ನೋಡಿ ತಿಳಿಯಬೇಕಿತ್ತು. ಕಡಿಮೆಯಾಗಿದೆ ಎಂದೇ ಅವನು ಎಷ್ಟೋ ವರ್ಷ ನಂಬಿದ್ದ, ಸಹೋದ್ಯೋಗಿಗಳ ಮುಂದೆ, ಸ್ವಲ್ಪ ಗದರಿಸಿದ ಮೇಲೆ ಸುಧಾರಿಸಿದಳು ಎಂದೂ ಹೇಳಿಕೊಂಡಿದ್ದ.

ಮನೆಗೆ ಬಂದು ಚೀಲವನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟ. ಮಾಲಾ ಒಂದೊಂದಾಗಿ ತೆಗೆದಳು. ಕೊತ್ತಂಬರಿ ಒಂದು ಕಡೆ, ಹಸಿಮೆಣಸಿನಕಾಯಿ ಒಂದು ಕಡೆ. ಬದನೆಕಾಯಿ ಕೈಗೆ ಬಂದಾಗ ಅವಳ ಕೈ ನಿಂತಿತು. ಅವಳು ಕಾಯಿ ನೋಡಿದಳು, ಅವನನ್ನು ನೋಡಿದಳು. ಅವನು ನೀರು ಕುಡಿಯುವ ನೆವದಲ್ಲಿ ಚರಿಗೆಯನ್ನು ಮುಖಕ್ಕೆ ಅಡ್ಡ ಹಿಡಿದ. ಇದು ನಿನ್ನ ಸಲುವಾಗಿಯೇ, ಇವತ್ತು ರಜೆ ಇದೆ, ನಾನು ಮನೆಯಲ್ಲಿರುತ್ತೇನೆ, ಪರಮಾನಂದನೂ ಊರಲ್ಲಿದ್ದಾನೆ, ಬರುವುದಾದರೆ ಇವತ್ತೇ ಬಂದುಹೋಗಲಿ ಎಂದು ಬಾಯಿಬಿಟ್ಟು ಹೇಳಿದ್ದರೆ ಏನು ಹೋಗುತ್ತಿತ್ತು? ಇಬ್ಬರೂ ಕೂಡಿ ಮಾಡುವ ಕೆಲಸವಾಗುತ್ತಿತ್ತು. ಹೇಳಿದರೆ ಅವಳಿಗೆ ಗೊತ್ತಾಗುತ್ತದೆ, ಗೊತ್ತಾದರೆ ಬರಿಸಿಕೊಂಡಾಳು ಎಂಬ ಸಂಶಯ, ಹತ್ತೊಂಬತ್ತು ದಿನದ ಮೇಲೂ, ಪೆನ್ನಿನ ತುದಿಯ ಗಂದೆಯನ್ನು ಕಣ್ಣಾರೆ ಕಂಡ ಮೇಲೂ. ಥೂ ಎಂದು ತನಗೆ ತಾನೇ ಅಂದುಕೊಂಡ. ಅವಳು ಮಾತ್ರ ಬಹಳ ಸಾದಾ ದನಿಯಲ್ಲಿ, "ಎಣಗಾಯಿ ಮಾಡ್ಲೇನ್ರಿ?" ಎಂದು ಕೇಳಿದಳು. ಹೂಂ ಎಂದ. ಅವಳು ಶೇಂಗಾ ಹುರಿಯಲು ಬಾಣಲೆ ಇಟ್ಟಳು.

ಊಟಕ್ಕೆ ಕೂತಾಗ ಅವಳೇ ತನ್ನ ತಾಟಿಗೆ ಎರಡು ಕಾಯಿ ಹಾಕಿಕೊಂಡಳು. ರೊಟ್ಟಿ ಮುರಿದು, ಮಸಾಲೆ ಹಚ್ಚಿ, ನಿಧಾನವಾಗಿ ತಿಂದಳು. ಅವನು ತಿನ್ನುವುದನ್ನು ಬಿಟ್ಟು ಅವಳ ಕೊರಳನ್ನು ನೋಡುತ್ತಿದ್ದ. ಕಿವಿಯ ಹಿಂದೆ ಕೆಂಪಾಯಿತೇ? ಇಲ್ಲ, ಒಲೆಯ ಕಾವು. ಕೈ ಕೆರೆದುಕೊಂಡಳೇ? ಇಲ್ಲ, ಬಳೆ ಸರಿಸಿದಳು. ಇನ್ನೊಂದು ಹಾಕಿಕೋ ಎನ್ನುವ ಮಾತು ತುಟಿಗೆ ಬಂದು ನಿಂತಿತು. ಅವಳು ಅದನ್ನೂ ಕೇಳಿಸಿಕೊಂಡವಳ ಹಾಗೆ ಮೂರನೆಯದನ್ನು ಹಾಕಿಕೊಂಡಳು. ಮಗಳ ಮಾತು ತೆಗೆದಳು, ಮುಂದಿನ ವಾರ ಮುದ್ದೇಬಿಹಾಳಕ್ಕೆ ಹೋಗುವಾಗ ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಬೇಕು ಎಂದಳು. ಅವನು ಹೂಂ, ಹೂಂ ಎನ್ನುತ್ತಿದ್ದ. ತಾನು ಇವಳನ್ನು ಇಷ್ಟು ದಿಟ್ಟಿಸಿ ನೋಡಿದ್ದು ಮದುವೆಯ ಹೊಸತರಲ್ಲಿ ಬಿಟ್ಟರೆ ಇವತ್ತೇ ಅನ್ನಿಸಿ, ತಲೆ ಬಗ್ಗಿಸಿ ಮಜ್ಜಿಗೆ ಸುರಿದುಕೊಂಡ.

ಉಂಡ ಮೇಲೆ ಪಡಸಾಲೆಯ ಹೊರಸಿನ ಮೇಲೆ ಅಡ್ಡಾದ. ಒಂದು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಕಣ್ಣು ಮುಚ್ಚಿದನೇ ಹೊರತು ನಿದ್ದೆ ಹತ್ತಲಿಲ್ಲ, ಹತ್ತುವುದೂ ಬೇಕಿರಲಿಲ್ಲ. ಹುಡುಗರ ಹೊಟ್ಟೆನೋವು ಖರೆಯೋ ಸುಳ್ಳೋ ಎಂದು ಕಂಡುಹಿಡಿಯಲು ಅವನದೊಂದು ಉಪಾಯವಿತ್ತು, ಶಾಲೆಯಲ್ಲಿ ಹೆಸರಾದದ್ದು. ಹುಡುಗ ನರಳತೊಡಗಿದರೆ ಅವನ ಕಡೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯತೊಡಗುವುದು. ನೋಡುವವರಿಲ್ಲ ಎಂದಾದಾಗ ನರಳಾಟ ನಿಂತರೆ ಸೋಗು, ನಿಲ್ಲದಿದ್ದರೆ ದವಾಖಾನೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅದು ತಪ್ಪಿಲ್ಲ ಎಂದು ಅವನ ನಂಬಿಕೆ. ಈಗ ಅವನು ಉಸಿರನ್ನು ಉದ್ದುದ್ದ ಬಿಡುತ್ತ, ಬಾಯಿ ಸ್ವಲ್ಪ ತೆರೆದು, ಕಿವಿಯನ್ನೆಲ್ಲ ಅಡಿಗೆಮನೆಯಲ್ಲಿಟ್ಟು ಮಲಗಿದ್ದ. ತಾಟು ತೊಳೆಯುವ ಸಪ್ಪಳ ಕೇಳಿಸಿತು. ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬರಿಗಾಲಿನ ಹೆಜ್ಜೆ, ಒಂದು, ಎರಡು, ಬಾಗಿಲ ತನಕ ಬಂದು ನಿಂತದ್ದು ಸ್ಪಷ್ಟ ಕೇಳಿಸಿತು. ಹೊಸ್ತಿಲಿನ ಆಚೆ ಅವಳ ಉಸಿರು ಸ್ವಲ್ಪ ಜೋರಾಗಿತ್ತು. ಕಣ್ಣು ತೆಗೆಯಬೇಕು ಎಂದುಕೊಂಡ. ತೆಗೆದರೆ ಎಲ್ಲ ಕೆಡುತ್ತದೆ, ಅವಳು ತಾನಾಗಿ ಕೂಗಲಿ, ಕೂಗಿದರೆ ಖರೆ ಎಂದೂ ಅಂದುಕೊಂಡ. ಖರೆ ಇದ್ದವರು ಕೂಗದೆ ಇರುತ್ತಾರೆಯೇ? ಹತ್ತು ಎಣಿಸುವಷ್ಟು ಹೊತ್ತು ಅವಳು ಅಲ್ಲೇ ಇದ್ದಳು. ಹೆಜ್ಜೆ ತಿರುಗಿತು. ಬಚ್ಚಲಿನ ಚಿಲಕ ಬಿದ್ದ ಸಪ್ಪಳ, ಕೊಡದಿಂದ ನೀರು ಸುರಿದುಕೊಳ್ಳುವ ಸಪ್ಪಳ. ಉಂಡು ಜಳಕ ಮಾಡುತ್ತಾಳಲ್ಲ, ಬಿಸಿಲಿನ ಝಳ ಇರಬೇಕು ಎಂದುಕೊಂಡ. ಹಾಗಾದರೆ ಇವತ್ತೂ ಬರಲಿಲ್ಲ. ನಿರಾಸೆಯೋ ಸಮಾಧಾನವೋ ತಿಳಿಯದೆ, ಸೋಗಿನ ನಿದ್ದೆ ಯಾವಾಗಲೋ ನಿಜವಾದ ನಿದ್ದೆಯೇ ಆಯಿತು.

ಎಚ್ಚರವಾದಾಗ ಆರು ಹೊಡೆಯಲು ಹತ್ತು ನಿಮಿಷ ಇತ್ತು. ಮನೆಯಲ್ಲಿ ಚಹಾದ ವಾಸನೆ ಇಲ್ಲ. ಹಿತ್ತಲ ಮೆಟ್ಟಿಲ ಮೇಲೆ ಮಾಲಾ ಬೇರೆ ಸೀರೆ ಉಟ್ಟು, ತಲೆಯನ್ನು ಬಾಗಿಲ ಚೌಕಟ್ಟಿಗೆ ಆನಿಸಿ ಕೂತಿದ್ದಳು. ಮಧ್ಯಾಹ್ನ ಉಟ್ಟಿದ್ದ ಸೀರೆ ಹಿಂಡಿ ಹಗ್ಗಕ್ಕೆ ಹಾಕಿತ್ತು. ಹತ್ತಿರ ಹೋಗಿ ನೋಡಿದ. ಕೆಳತುಟಿ ಇನ್ನೂ ಊದಿಕೊಂಡಿತ್ತು. ಕಣ್ಣಿನ ಸುತ್ತ ಬಾವು. ಕೈ ಮೇಲೆ ಕೆರೆದುಕೊಂಡ ಗೆರೆಗಳು, ಒಂದೆರಡು ಕಡೆ ರಕ್ತ ಒಣಗಿತ್ತು. ಯಾವಾಗ ಬಂತು ಎಂದು ಕೇಳಿದ. ಉಂಡ ಮೇಲೆ ಎಂದಳು, ಒಂದೂವರೆ ಆಗಿತ್ತು ಕಾಣುತ್ತದೆ, ಗಡಿಯಾರ ನೋಡಲಿಲ್ಲ. ಬಚ್ಚಲಿನಲ್ಲಿ ಒಮ್ಮೆ ಕಣ್ಣು ಕತ್ತಲಿಟ್ಟಿತು, ಎಷ್ಟು ಹೊತ್ತು ಬಿದ್ದಿದ್ದೆನೋ ತಿಳಿಯಲಿಲ್ಲ ಎಂದೂ ಹೇಳಿದಳು. ಒಳಗಿನಿಂದ ಚಿಲಕ ಹಾಕಿಕೊಂಡು ಹೆಂಡತಿ ನೆಲಕ್ಕೆ ಬಿದ್ದಿದ್ದಾಗ ತಾನು ಇಪ್ಪತ್ತು ಹೆಜ್ಜೆ ಆಚೆ ಬಾಯಿ ತೆರೆದು ಮಲಗಿದ್ದುದು ಅವನ ಕಣ್ಣಿಗೆ ಕಟ್ಟಿತು. ಬೆರಳಿನಲ್ಲಿ ತಾಸು ಎಣಿಸಿದ, ಮತ್ತೆ ಎಣಿಸಿದ. ಕಿಸೆಯಿಂದ ಮೊಬೈಲ್ ತೆಗೆದು ಪರಮಾನಂದನಿಗೆ ಫೋನ್ ಹಚ್ಚಿದ. ಸುಮ್ಮನೆ ಬಾ, ಒಂದು ಅರ್ಧ ತಾಸು ಹೆಚ್ಚುಕಡಿಮೆ ಆಗಿದೆ ಅಷ್ಟೇ, ಹೊತ್ತು ಬರೆಯುವಲ್ಲಿ ಸ್ವಲ್ಪ ಹಿಂದೆಮುಂದೆ ಬರೆದರಾಯಿತು ಎಂದು ಗೋಗರೆದ. ಆಗುವುದಿಲ್ಲ ಸರ್ ಎಂದ ಪರಮಾನಂದ, ಬೇಸರದಿಂದಲೇ. ಹೊತ್ತು ಮೀರಿ ತೆಗೆದರೆ ಆ ಅಂಶ ಇಳಿದು ನಾರ್ಮಲ್ ಅಂತ ಬರುತ್ತದೆ, ಕೈಯಲ್ಲಿ ನಾರ್ಮಲ್ ರಿಪೋರ್ಟು ಹಿಡಿದುಕೊಂಡು ಹೋದರೆ ಮುಂದೆ ಯಾವ ಡಾಕ್ಟರೂ ಅಕ್ಕಾರ ಮಾತು ನಂಬುವುದಿಲ್ಲ. ಮುಂದಿನ ಸಲ ನೋಡೋಣ, ಬಂದ ಕೂಡಲೇ ಹೇಳಿರಿ.

ಫೋನ್ ಇಟ್ಟು ಅವಳ ಕೆಳಗಿನ ಮೆಟ್ಟಿಲ ಮೇಲೆ ಕೂತ. ಯಾಕೆ ಹೇಳಲಿಲ್ಲ ಎಂದು ಬಯ್ಯುವ ಮಾತು ಬಾಯಿ ತನಕ ಬಂದಿತ್ತು, ಹಳೆಯ ರೂಢಿ. ಅವಳೇ, ಬಾಗಿಲ ತನಕ ಬಂದಿದ್ದೆ, ನೀವು ಮಲಗಿದ್ದಿರಿ ಎಂದಳು. ಅಷ್ಟಕ್ಕೇ ಬಿಟ್ಟುಬಿಡಬಹುದಾಗಿತ್ತು. ಅವಳು ತಾನಾಗಿಯೇ ಅವನಿಗೆ ಪಾರಾಗುವ ದಾರಿ ಬಿಟ್ಟುಕೊಟ್ಟಿದ್ದಳು, ಹನ್ನೊಂದು ವರ್ಷ ಬಿಟ್ಟುಕೊಟ್ಟ ಹಾಗೆ. ಹೌದು, ಬಹಳ ದಣಿದಿದ್ದೆ ಎಂದರೆ ಮುಗಿಯಿತು. ಪಕ್ಕದ ಮನೆಯಲ್ಲಿ ಯಾರೋ ಕೊಡಕ್ಕೆ ನೀರು ಬಿಟ್ಟಿದ್ದರು, ಅದು ತುಂಬಿ ಚೆಲ್ಲಿತು.

"ನಾ ಎಚ್ಚರ ಇದ್ದೆ, ಮಾಲಾ."

"ಗೊತ್ತಿತ್ತು," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. "ನೀವು ಖರೇನ ಮಲಗಿದ್ರ ಹೆಂಗ ಉಸರ ಬಿಡ್ತೀರಿ ನನಗ ಗೊತ್ತಿಲ್ಲೇನು? ಕೂಗಬೇಕಂತನ ಬಂದಿದ್ದೆ. ಡಾಕ್ಟರ್ ಹೇಳಿದ್ದೂ ನೆನಪಿತ್ತು, ಬದ್ನಿಕಾಯಿ ಯಾಕ ತಂದ್ರಿ ಅನ್ನೂದೂ ಗೊತ್ತಿತ್ತು. ಅದಕ್ಕ ಮೂರು ತಿಂದೆ. ಬಾಗಲಾಗ ನಿಂತು ಬಾಯಿ ತಗದೆ. ದನೀನ ಹೊಂಡಲಿಲ್ಲ ನನಗ."

ತಪ್ಪಾಯಿತು ಎಂದು ಅವನು ಅಂದದ್ದು ಅವನಿಗೇ ಕೇಳಿಸಲಿಲ್ಲ. ಅವಳ ಕಾಲು ಮುಟ್ಟಬೇಕು ಅನ್ನಿಸಿ ಕೈ ಚಾಚಿದವನು, ಚರ್ಮ ಇನ್ನೂ ಉರಿಯುತ್ತಿರಬಹುದು ಎಂದು ಹಿಂದೆ ತೆಗೆದುಕೊಂಡ. ಅವಳು ಸೆರಗಿನ ಗಂಟಿನಿಂದ ತನ್ನ ಸಣ್ಣ ಮೊಬೈಲ್ ತೆಗೆದು ಅವನ ಕಡೆ ಚಾಚಿ, ಪರಮಾನಂದನ ನಂಬರ್ ಇದರಲ್ಲಿ ಹಾಕಿಕೊಡಿರಿ ಎಂದಳು. ಹಾಕಿಕೊಟ್ಟ. ಒಂದು ಅಂಕಿ ತಪ್ಪಿತು, ಅಳಿಸಿ ಮತ್ತೆ ಒತ್ತಿದ. ಅವಳು ಅದನ್ನು ಇಸಿದುಕೊಂಡು ಎದ್ದಳು, ಚೌಕಟ್ಟು ಹಿಡಿದುಕೊಂಡು ನಿಂತಳು, ಅಲ್ಲೇ ಅವನೆದುರಿಗೇ ಆ ನಂಬರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಪರಮಾನಂದ ಏನೋ ಕೇಳಿದ.

"ಮಾಸ್ತರ ಅಲ್ರಿ, ನಾನು ಮಾಲಾ ಮಾತಾಡಾಕತ್ತೇನಿ. ಮುಂದಿನ ಸಲ ನಾನ ಫೋನ್ ಮಾಡ್ತೇನ್ರಿ. ಮಾತಾಡಾಕ ಆಗಲಿಲ್ಲಂದ್ರ ಬರೇ ರಿಂಗ್ ಕೊಡ್ತೇನಿ, ಬಂದುಬಿಡ್ರಿ. ಹಿತ್ತಲ ಬಾಗಲಾ ತಗದಿಟ್ಟಿರ್ತೇನಿ." ಉಸಿರು ತೆಗೆದುಕೊಂಡು, "ಮನ್ಯಾಗ ಯಾರೂ ಇರೂದಿಲ್ಲ ಅಂತ ತಿಳದು ಬರ್ರಿ," ಎಂದಳು.

ಯಲ್ಲಾಲಿಂಗ ಅವಳ ಕೆಳಗಿನ ಮೆಟ್ಟಿಲ ಮೇಲೆಯೇ ಕೂತಿದ್ದ.